ಹಳೆಯ ಮಾತ್ರೆಗಳ ಮರುವಿಚಾರಣೆ: ಆಲ್ಜೈಮರ್ ಮತ್ತು ಯಂತ್ರಕಲಿಕೆ



ಜರ್ಮನಿಯ ವೈದ್ಯ ಆಲೋಯ್ಸ್ ಆಲ್ಜೈಮರ್ ಈಗ ತಮ್ಮ ಹೆಸರಿನಲ್ಲೇ ಕರೆಯುವ ಈ ಮರೆವಿನ ಕಾಯಿಲೆಯನ್ನು ವೈದ್ಯರ ಸಭೆಯ ಮುಂದಿಟ್ಟದ್ದು 1906ರಲ್ಲಿ. ಇವತ್ತಿಗೂ ಇದನ್ನು ವಾಸಿ ಮಾಡುವ ಔಷಧವಿಲ್ಲ. ಈಚೆಗೆ ಬಂದ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಅದರ ಓಟವನ್ನು ತುಸು ನಿಧಾನಿಸುತ್ತವೆ, ಅಷ್ಟೇ. ಹಾಗಾಗಿ ಕೆಲವರು ಬೇರೆ ದಾರಿ ಹಿಡಿದರು. ಬೇರೆ ರೋಗಕ್ಕೆಂದು ಈಗಾಗಲೇ ಬಳಕೆಯಲ್ಲಿರುವ ಮಾತ್ರೆಗಳಲ್ಲೇ ಯಾವುದಾದರೂ ಇದಕ್ಕೂ ಒದಗೀತೇ ಎಂದು ಹುಡುಕತೊಡಗಿದರು.

ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2021ರಲ್ಲಿ ಪ್ರಕಟಿಸಿದ ‘ಡ್ರಯಾಡ್’ ಪದ್ಧತಿಯನ್ನೇ ನೋಡೋಣ. ತೀರಿಕೊಂಡವರು ದಾನವಾಗಿ ಕೊಟ್ಟ ಮಿದುಳುಗಳಲ್ಲಿ ಯಾವ ಜೀನ್ ಎಷ್ಟು ಚುರುಕಾಗಿತ್ತು ಎಂಬ ಲೆಕ್ಕ ಒಂದು ಕಡೆ. ಕಾಯಿಲೆ ಆರಂಭದಲ್ಲಿತ್ತೋ, ನಡುವಿನಲ್ಲೋ, ಕೊನೆಯಲ್ಲೋ ಎಂಬ ತಜ್ಞರ ತೀರ್ಮಾನ ಇನ್ನೊಂದು ಕಡೆ. ಮೊದಲನೆಯದನ್ನು ನೋಡಿ ಎರಡನೆಯದನ್ನು ಹೇಳಲು ಯಂತ್ರಕ್ಕೆ ಕಲಿಸಿದರು. ಆಮೇಲೆ 80 ಔಷಧಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ನರಕೋಶಗಳಿಗೆ ಹಾಕಿ, ಒಂದೊಂದೂ ಯಾವ ಜೀನ್‌ಗಳನ್ನು ಕದಲಿಸುತ್ತದೆ ಎಂದು ಪಟ್ಟಿ ಮಾಡಿದರು. ಆ ಪಟ್ಟಿಯ ಜೀನ್‌ಗಳನ್ನಷ್ಟೇ ನೋಡಿ ಯಂತ್ರ ಹಂತ ಹೇಳಬೇಕು. ಕಣ್ಣುಮುಚ್ಚಿ ಆರಿಸಿದ ಅಷ್ಟೇ ಸಂಖ್ಯೆಯ ಜೀನ್‌ಗಳಿಗಿಂತ ಯಾವ ಪಟ್ಟಿಯಿಂದ ಉತ್ತರ ಹೆಚ್ಚು ಸರಿಬಂತೋ ಆ ಔಷಧಕ್ಕೆ ಮೇಲಿನ ಸ್ಥಾನ. ಸಂಧಿವಾತಕ್ಕೆ ಕೊಡುವ ಬ್ಯಾರಿಸಿಟಿನಿಬ್‌ನ ಗುಂಪು ಹೀಗೆ ಮುಂದೆ ಬಂತು.

ಇಲ್ಲೊಂದು ಸೂಕ್ಷ್ಮವಿದೆ. ಔಷಧ ಕಾಯಿಲೆಗೆ ಸಂಬಂಧಪಟ್ಟ ಜೀನ್‌ಗಳನ್ನು ಮುಟ್ಟುತ್ತದೆ ಎಂದಷ್ಟೇ ಯಂತ್ರ ಹೇಳಿದ್ದು. ಮುಟ್ಟಿ ಗುಣಪಡಿಸುತ್ತದೋ, ಇನ್ನಷ್ಟು ಕೆಡಿಸುತ್ತದೋ ಅದಕ್ಕೆ ತಿಳಿಯದು.

ಅದೇ ವರ್ಷ ಕ್ಲೀವ್‌ಲೆಂಡ್ ಕ್ಲಿನಿಕ್‌ನ ತಂಡ 1,600ಕ್ಕೂ ಹೆಚ್ಚು ಔಷಧಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿ ಸಿಲ್ಡೆನಾಫಿಲ್ ಅನ್ನು ಎತ್ತಿ ತೋರಿಸಿತು. ವಯಾಗ್ರ ಎಂದರೆ ಸಭೆಗೆ ಬೇಗ ತಿಳಿದೀತು. 72 ಲಕ್ಷ ಜನರ ವಿಮಾ ದಾಖಲೆಗಳ ಪ್ರಕಾರ, ಅದನ್ನು ಬಳಸಿದವರಲ್ಲಿ ಆಲ್ಜೈಮರ್ ಅಪಾಯ ಶೇ. 69ರಷ್ಟು ಕಡಿಮೆ! ಮರುವರ್ಷ ಇನ್ನೊಂದು ತಂಡ, ಶ್ವಾಸಕೋಶದ ರಕ್ತದೊತ್ತಡಕ್ಕೆ ಸಿಲ್ಡೆನಾಫಿಲ್ ಗುಂಪಿನ ಔಷಧ ತೆಗೆದುಕೊಂಡವರನ್ನು, ಅದೇ ಕಾಯಿಲೆಗೆ ಬೇರೆ ಔಷಧ ತೆಗೆದುಕೊಂಡವರ ಜೊತೆ ಹೋಲಿಸಿತು. ವ್ಯತ್ಯಾಸ ಕಾಣಲಿಲ್ಲ. ಎಪ್ಪತ್ತರಲ್ಲಿ ವಯಾಗ್ರ ಬರೆಸಿಕೊಳ್ಳುವ ಗಂಡಸು ಮೊದಲೇ ಗಟ್ಟಿಮುಟ್ಟಾಗಿರುವವನು. ಮರೆವು ಹಿಡಿದವನು ಆ ಚೀಟಿಗಾಗಿ ಡಾಕ್ಟರ ಬಳಿ ಹೋಗುವುದು ಅಪರೂಪ. ಮಾತ್ರೆ ಮರೆವನ್ನು ತಡೆಯಿತೋ, ಮರೆವಿಲ್ಲದವರೇ ಮಾತ್ರೆ ತಿಂದರೋ? ಇದನ್ನು ಬಗೆಹರಿಸಲು ರೋಗಿಗಳ ಮೇಲಿನ ಕ್ರಮಬದ್ಧ ಪ್ರಯೋಗವೇ ಬೇಕು. ಪತ್ರಿಕೆಯ ತಲೆಬರಹ ನೋಡಿ ಮೆಡಿಕಲ್ ಶಾಪಿಗೆ ಓಡುವುದು ಬೇಡ.

ಮತ್ತೆ ಡ್ರಯಾಡ್‌ಗೆ ಬರೋಣ. ಅದು ಕಲಿತ ಪಾಠದ ಒಂದು ಪಾಲು ಬಂದದ್ದು ಅಮೆರಿಕದ ಕ್ರೈಸ್ತ ಸನ್ಯಾಸಿನಿಯರು ಮತ್ತು ಪಾದ್ರಿಗಳಿಂದ. ಶಿಕಾಗೋದ ರಶ್ ಸಂಸ್ಥೆ 1994ರಲ್ಲಿ ಆರಂಭಿಸಿದ ಅಧ್ಯಯನಕ್ಕೆ ಸೇರುವಾಗಲೇ ಅವರು ಮರಣಾನಂತರ ಮಿದುಳು ಕೊಡಲು ಒಪ್ಪಿದ್ದರು. ಬದುಕಿರುವಷ್ಟು ಕಾಲ ವರ್ಷವರ್ಷವೂ ನೆನಪಿನ ಪರೀಕ್ಷೆಗೆ ಕೂತರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ದೊಡ್ಡವರು ಅವರೇ. ನಮ್ಮಲ್ಲೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಪರೀಕ್ಷಿಸುತ್ತ ಬಂದಿದೆ.

ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಇದೆ. ಡಾ. ರಾಜ್‌ಕುಮಾರ್ ಅವರಿಂದಾಗಿ ನೇತ್ರದಾನ ನಮ್ಮಲ್ಲಿ ಮನೆಮಾತಾಯಿತು. ಮಿದುಳು ದಾನದ ಮಾತು ಇನ್ನೂ ಹೊಸ್ತಿಲ ಆಚೆಯೇ ನಿಂತಿದೆ. ಮನೆಯವರೊಡನೆ ಕೂತು ಒಮ್ಮೆ ಈ ವಿಷಯ ಮಾತಾಡಿ ಎಂಬುದು ತಮ್ಮಲ್ಲಿ ನನ್ನ ವಿನಂತಿ.