ಪೆರ್ಗೆಯಿಂದ ಮರಳಿದ ಮಾರ್ಕ

ದೇವರ ಕರೆಗೆ ಓಗೊಟ್ಟು ಹೊರಟವನು ನಡುದಾರಿಯಲ್ಲಿ ಕೈಬಿಟ್ಟರೆ ಆ ಕರೆಯ ಗತಿಯೇನು? ಎಷ್ಟೋ ಕ್ರೈಸ್ತ ವಿಶ್ವಾಸಿಗಳು ಯಾರಿಗೂ ಹೇಳದೆ ಒಳಗೇ ಹೊತ್ತು ತಿರುಗುವ ಪ್ರಶ್ನೆ ಇದು. ಇದಕ್ಕೆ ಸಾಮಾನ್ಯವಾಗಿ ಪೇತ್ರನ ಕಥೆ ಹೇಳುತ್ತಾರೆ. ನಾನು ಇವತ್ತು ಮಾರ್ಕನೆನಿಸಿಕೊಂಡ ಯೋಹಾನನ ವಿಷಯ ಹೇಳುತ್ತೇನೆ.

ಯೆರೂಸಲೇಮಿನಲ್ಲಿ ಇವನ ತಾಯಿ ಮರಿಯಳ ಮನೆ ವಿಶ್ವಾಸಿಗಳು ಪ್ರಾರ್ಥನೆಗೆ ಸೇರುತ್ತಿದ್ದ ಜಾಗ. ಬಾರ್ನಬ ಮತ್ತು ಪೌಲ ಮೊದಲ ಸುವಾರ್ತಾ ಪ್ರಯಾಣಕ್ಕೆ ಹೊರಟಾಗ ಮಾರ್ಕ ಸಹಾಯಕನಾಗಿ ಜೊತೆಗೆ ಹೋದ. ಕುಪ್ರ ದ್ವೀಪದ ಕೆಲಸ ಮುಗಿಯಿತು. ಈಗಿನ ಟರ್ಕಿಯ ದಕ್ಷಿಣ ಭಾಗದಲ್ಲಿರುವ ಪೆರ್ಗೆ ಮುಟ್ಟಿದಾಗ ಅವರನ್ನು ಬಿಟ್ಟು ಯೆರೂಸಲೇಮಿಗೆ ಮರಳಿಬಿಟ್ಟ. ಹೆದರಿದನೋ, ಕಾಯಿಲೆ ಬಿದ್ದನೋ, ಮನೆಯ ನೆನಪು ಕಾಡಿತೋ, ಅಪೊಸ್ತಲರ ಕೃತ್ಯಗಳಲ್ಲಿ ಈ ಪ್ರಯಾಣದ ಕಥೆ ಹೇಳುವ ಲೂಕ ಬರೆದಿಲ್ಲ. ಬರೆಯದೆ ಬಿಟ್ಟದ್ದು ಒಳ್ಳೆಯದೇ ಆಯಿತು; ಬೇರೆ ಬೇರೆ ಕಾರಣಕ್ಕೆ ಹಿಂದೆ ಸರಿದವರೆಲ್ಲ ಮಾರ್ಕನಲ್ಲಿ ತಮ್ಮನ್ನು ಕಾಣಬಹುದು.

ಎರಡನೆಯ ಪ್ರಯಾಣದ ಮಾತು ಬಂದಾಗ ಬಾರ್ನಬ ಮಾರ್ಕನನ್ನೂ ಕರೆದುಕೊಳ್ಳೋಣ ಎಂದ. ಪೌಲ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಪೌಲನನ್ನು ನಾನು ದೂರುವುದಿಲ್ಲ. ಕಲ್ಲೇಟು ತಿಂದು ಸತ್ತನೆಂದು ಊರ ಹೊರಗೆ ಎಳೆಸಿಕೊಂಡವನು ಅವನು. ಅಂಥ ದಾರಿಯಲ್ಲಿ ಅರ್ಧಕ್ಕೆ ಬಿಟ್ಟುಹೋಗುವವನನ್ನು ನಂಬುವುದು ಸುಲಭವಲ್ಲ. ಆದರೆ ಬಾರ್ನಬನ ಹಳೆಯ ಉಪಕಾರವೊಂದಿತ್ತು. ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ ಪೌಲ ಯೇಸುವನ್ನು ನಂಬಿದ ನಂತರವೂ ಯೆರೂಸಲೇಮಿನ ಶಿಷ್ಯರೆಲ್ಲ ಅವನಿಗೆ ಹೆದರಿ ದೂರ ನಿಂತಾಗ, ಅವನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು ಅವನ ಪರವಾಗಿ ಮಾತಾಡಿದವನು ಇದೇ ಬಾರ್ನಬ. ಈಗ ಅದೇ ಆಸರೆ ಮಾರ್ಕನಿಗೆ ಸಿಕ್ಕಿತು.

ಬಾರ್ನಬ ಮತ್ತು ಮಾರ್ಕ ಹೋದದ್ದು ಎಲ್ಲಿಗೆ? ಮತ್ತೆ ಕುಪ್ರಕ್ಕೇ. ಮಾರ್ಕನಿಗೆ ಹೊಸ ದರ್ಶನವಾಗಲಿಲ್ಲ, ಆಕಾಶದಿಂದ ಧ್ವನಿ ಕೇಳಿಸಲಿಲ್ಲ. ಕೇಳಿಸಿದ್ದರೆ ಲೂಕ ಅದನ್ನು ಬರೆದಿಲ್ಲ. ಹಡಗು ಹತ್ತಿದ, ಅಷ್ಟೇ. ಸೋತ ಮೇಲಿನ ವಿಧೇಯತೆ ಬಹುಪಾಲು ಹೀಗೇ ಇರುತ್ತದೆ ಎಂದು ನನಗೆ ಅನ್ನಿಸುತ್ತದೆ. ನನ್ನ ಯೋಗ್ಯತೆ ಸಾಬೀತಾಗಲಿ, ಆಮೇಲೆ ಹೊರಡುತ್ತೇನೆ ಎಂದು ಕೂತವನು ಕೂತೇ ಇರುತ್ತಾನೆ. ಕರೆದವನು ತನ್ನ ಮಾತು ಹಿಂತೆಗೆದುಕೊಂಡಿಲ್ಲ ಎಂದು ನಂಬಿ, ತೆರೆದಿರುವ ಬಾಗಿಲಿನಿಂದ ಹೊರಡಬೇಕು.

ಅನಂತರ ವರ್ಷಗಟ್ಟಲೆ ಮಾರ್ಕನ ಸುದ್ದಿ ಇಲ್ಲ. ಮತ್ತೆ ಅವನ ಹೆಸರು ಬರುವುದು ಸೆರೆಯಲ್ಲಿದ್ದ ಪೌಲನ ಪತ್ರಗಳಲ್ಲಿ. ಮಾರ್ಕ ಬಂದರೆ ಅವನನ್ನು ಸೇರಿಸಿಕೊಳ್ಳಿ ಎಂದು ಕೊಲೊಸ್ಸೆಯವರಿಗೆ ಹೇಳುತ್ತಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಂತೂ ಸಾವಿನ ಅಂಚಿನಲ್ಲಿ ನಿಂತು, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಯಲ್ಲಿ ಅವನು ನನಗೆ ಬೇಕಾದವನು ಎನ್ನುವ ಅರ್ಥದ ಮಾತು ಬರುತ್ತದೆ. ಯಾವ ಕೆಲಸಕ್ಕೆ ಆಗದವನೆಂದು ಬಿಟ್ಟಿದ್ದನೋ ಅದೇ ಕೆಲಸಕ್ಕೆ ಈಗ ಅವನು ಬೇಕು.

ಪೇತ್ರನ ಬೋಧನೆ ಕೇಳಿ ಸುವಾರ್ತೆ ಬರೆದವನು ಈ ಮಾರ್ಕನೇ ಎಂದು ಸಭೆಯ ಪರಂಪರೆ 2ನೆಯ ಶತಮಾನದಿಂದಲೂ ಹೇಳುತ್ತಾ ಬಂದಿದೆ. ಆ ಪುಸ್ತಕದ 16ನೆಯ ಅಧ್ಯಾಯದಲ್ಲಿ ಖಾಲಿ ಸಮಾಧಿಯ ಬಳಿ ಹೆಂಗಸರಿಗೆ ಒಂದು ಸಂದೇಶ ಸಿಗುತ್ತದೆ. ಅದನ್ನು ಶಿಷ್ಯರಿಗೆ ಮುಟ್ಟಿಸಿ ಎನ್ನುವಲ್ಲಿ, ಯೇಸುವನ್ನು ಅರಿಯೆನೆಂದ ಪೇತ್ರನ ಹೆಸರನ್ನು ಬೇರೆಯಾಗಿ ಎತ್ತಿ ಹೇಳಲಾಗಿದೆ. ನಾಲ್ಕು ಸುವಾರ್ತೆಗಳಲ್ಲಿ ಆ ಹೆಸರನ್ನು ಅಲ್ಲಿ ಸೇರಿಸಿದವನು ಮಾರ್ಕನೊಬ್ಬನೇ.