ಹಾವಿನ ಮಂತ್ರ ಫಲಿಸುವುದು ಹೇಗೆ?

(ಜಾಲಹಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತಾಡುವವನು ಇವೊತ್ತು ಹಾವಿನ ಮಾತು ತೆಗೆದನೆಂದು ನಗಬೇಡಿರಿ. ಜೋಳ ಕೊಯ್ಯುವಾಗ, ಕಣಿಕೆಯ ಬಣವಿಗೆ ಕೈ ಹಾಕಿದಾಗ, ರಾತ್ರಿ ನೀರು ಹಾಯಿಸಲು ಹೋದಾಗ ಹಾವು ಕಚ್ಚುವುದು ರೈತನನ್ನೇ.

ಹಾವು ಕಚ್ಚಿದರೆ ಮಂತ್ರ ಹಾಕಿಸಿದರೆ ಸಾಕೆಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. 'ನಮ್ಮ ಮಾವನೇ ಬದುಕಿದನಲ್ಲಾ, ಕಣ್ಣಾರೆ ಕಂಡಿದ್ದೇವೆ' ಎನ್ನುತ್ತೀರಿ. ಕಂಡದ್ದು ಸುಳ್ಳಲ್ಲ. ಆದರೆ ಲೆಕ್ಕ ಪೂರ್ತಿಯಾಗಿಲ್ಲ.

ನಮ್ಮ ಹೊಲದಲ್ಲಿ ತಿರುಗುವ ಹೆಚ್ಚಿನ ಹಾವುಗಳಿಗೆ ವಿಷವೇ ಇಲ್ಲ. ಕೇರೆಹಾವಂತೂ ಇಲಿ ತಿಂದು ಕಾಳು ಉಳಿಸುವ, ಕೂಲಿ ಕೇಳದ ಆಳು. ಜೀವ ತೆಗೆಯುವವು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಲೆಕ್ಕಕ್ಕೆಂದು ಹತ್ತು ಜನ ಮಂತ್ರಕ್ಕೆ ಹೋದರೆನ್ನಿರಿ. ಏಳು ಜನರ ಮೈಗೆ ವಿಷ ಏರಿರಲೇ ಇಲ್ಲ. ಅವರು ಮನೆಗೆ ಬಂದು, ದೇವರಿಗೆ ಕಾಯಿ ಒಡೆಸಿ, ಹತ್ತು ವರ್ಷ ಸಂತೆಯಲ್ಲಿ ಆ ಕಥೆ ಹೇಳುತ್ತಾರೆ. ಉಳಿದ ಮೂವರು ತೀರಿಹೋದರು. ಸತ್ತವರು ಸಂತೆಗೆ ಬರುವುದಿಲ್ಲ. ಅವರ ಮನೆಯವರು 'ಆಯುಷ್ಯ ತೀರಿತ್ತು, ಒಯ್ಯುವುದು ತಡವಾಯಿತು' ಎನ್ನುತ್ತಾರೆ. ಗೆದ್ದದ್ದೆಲ್ಲ ಮಂತ್ರದ ಖಾತೆಗೆ, ಸೋತದ್ದೆಲ್ಲ ಹಣೆಬರಹದ ಖಾತೆಗೆ. ತಂದೆ ಹೇಳಿದ್ದನ್ನು ಮಗ ಕೇಳಿದ, ಮಗನದನ್ನು ಮೊಮ್ಮಗ; ಅದೇ ಸತ್ಯವಾಗಿ ನಿಂತಿತು. ಮಂತ್ರ ಹಾಕುವವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ದುಡ್ಡು ಮುಟ್ಟದವರೂ ಅವರಲ್ಲಿದ್ದಾರೆ. ಬದುಕಿದವರ ಮಾತನ್ನೇ ಅವರೂ ಕೇಳುತ್ತ ಬಂದವರು.

ಕಟ್ಟುಹಾವಿನ ವಿಷಯ ಮಾತ್ರ ಚೆನ್ನಾಗಿ ನೆನಪಿಡಿರಿ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯ ಸರಿಯಾಗಿ ಕಾಣದು, ನೋವೂ ಹೆಚ್ಚಿರದು. 'ಏನೂ ಆಗಿಲ್ಲ' ಎಂದುಕೊಂಡಿರುವಾಗಲೇ ಕಣ್ಣೆವೆಗಳು ಜೋಲುತ್ತವೆ, ಆಮೇಲೆ ಉಸಿರು ಕಟ್ಟುತ್ತದೆ. ಮಂತ್ರಕ್ಕೆಂದು ಎರಡು ತಾಸು ಕಳೆದರೆ ಮನುಷ್ಯನೇ ಹೋದಾನು.

ಏರಿದ ವಿಷವನ್ನು ಇಳಿಸುವುದು ಆಸ್ಪತ್ರೆಯ ಸೂಜಿಮದ್ದು. ಕುದುರೆಗೆ ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಈ ಔಷಧ ಮಾಡುತ್ತಾರೆ. ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಒಂದೇ ಔಷಧ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ನಮ್ಮ ರಾಜ್ಯ ಸರ್ಕಾರವು 2024ರಲ್ಲಿ ಆಜ್ಞೆ ಮಾಡಿತು. ಮಂತ್ರದ ಕಟ್ಟೆಯಲ್ಲೇ ಸತ್ತವನು ಆ ಲೆಕ್ಕಕ್ಕೂ ಸಿಗುವುದಿಲ್ಲ.

ಕಚ್ಚಿದಲ್ಲಿ ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ, ಹಗ್ಗ ಬಿಗಿಯಬೇಡಿರಿ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಆಡದಂತೆ ಮಲಗಿಸಿ, ಕೂಡಲೇ ದೇವದುರ್ಗದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕುವ ಹಿರಿಯರೂ ಗಾಡಿ ಹತ್ತಲಿ. ಮಂತ್ರವನ್ನು ದಾರಿಯಲ್ಲಿಯೇ ಹೇಳಲಿ.