ದೋಷ ಹುಡುಕುವವನ ಸಂಬಳ



ನಮ್ಮ ದುರ್ಗದಬೈಲಿನ ಅಂಗಡಿಗಳ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ತಕ್ಕಡಿ ಮಾಡಿದವನೇ ‘ಸರಿಯಾಗಿದೆ’ ಎಂದರೆ ಸಾಲದು. ಸಾಫ್ಟ್‌ವೇರ್ ಟೆಸ್ಟರ್‌ನ ಕೆಲಸವೂ ಇಂಥದ್ದೇ. ಆದರೂ ನನ್ನೊಡನೆ ಓದಿ, ಪ್ರೋಗ್ರಾಂ ಬರೆಯುವ ವಿಭಾಗ ಸೇರಿದ ಗೆಳೆಯನಿಗಿಂತ ನನ್ನ ಸಂಬಳ ಕಡಿಮೆಯಿತ್ತು. “ಮಂದಿ ತಪ್ಪು ಹುಡುಕೂದೂ ಒಂದ್ ನೌಕರಿ ಏನೋ?” ಎಂದು ಅಬ್ಬಾ ನಕ್ಕಿದ್ದರು.

1996ರ ಜೂನ್ 4ರಂದು ಯುರೋಪಿನ ಅರಿಯಾನ್-5 ರಾಕೆಟ್ ಹಾರಿದ ಒಂದು ನಿಮಿಷದೊಳಗೇ ಸಿಡಿಯಿತು. ಅರಿಯಾನ್-4ರ ಹಳೆಯ ಪ್ರೋಗ್ರಾಂ ತುಣುಕನ್ನು ಹೊಸ ರಾಕೆಟ್ಟಿನ ಹಾರಾಟದ ಅಂಕಿಗಳಿಟ್ಟು ಪರೀಕ್ಷಿಸಿರಲಿಲ್ಲ. ಪರೀಕ್ಷೆಯಲ್ಲಿ ಉಳಿಸಿದ ದುಡ್ಡು ಎಲ್ಲಿ ಹೋಯಿತು, ನೀವೇ ಲೆಕ್ಕ ಹಾಕಿ!

ಟೆಸ್ಟಿಂಗ್ ಸೇರುವವರು ಪ್ರೋಗ್ರಾಂ ಬರೆಯುವುದನ್ನೂ ಕಲಿಯಿರಿ. ಸಂಬಳದ ಮಾತಿಗೆ ಬಲ ಬರುತ್ತದೆ. ಸಂದರ್ಶನದಲ್ಲಿ ಇದನ್ನೂ ಕೇಳಿ: ದೋಷವಿದೆಯೆಂದು ನಾನು ಬರೆದುಕೊಟ್ಟರೆ ಬಿಡುಗಡೆ ನಿಲ್ಲಿಸುತ್ತೀರಾ?